ದೀಪ ಉರಿಯುತ್ತದೆ, ದನಿ ಬರುವುದಿಲ್ಲ!

ನಮ್ಮ ಕನ್ನಡ ಸಂಘಗಳ ಹಬ್ಬದ ಸಂಜೆಗಳಲ್ಲಿ ಹಾರ್ಮೋನಿಯಂ, ತಬಲಾಗಳ ಪಕ್ಕದಲ್ಲಿ ಈಗ ಎಲೆಕ್ಟ್ರಿಕ್ ಗಿಟಾರ್ ಕೂಡ ಖಾಯಂ ಜಾಗ ಪಡೆದಿದೆ. ಗಿಟಾರ್ ಬಂದ ಮೇಲೆ ಅದರ ಪರಿವಾರವೂ ಬರಬೇಕಲ್ಲ! ಆ ಪರಿವಾರದಲ್ಲೊಂದು 'ಎಬಿವೈ' ಪೆಡಲ್. ಗಿಟಾರಿನ ಒಂದೇ ಸಿಗ್ನಲ್ಲನ್ನು 'ಎ' ಆಂಪ್ಲಿಫೈಯರಿಗೋ, 'ಬಿ' ಆಂಪ್ಲಿಫೈಯರಿಗೋ, ಇಲ್ಲವೇ ಎರಡಕ್ಕೂ ಒಟ್ಟಿಗೋ ಕಳಿಸುವ ಪುಟ್ಟ ಲೋಹದ ಡಬ್ಬಿ ಇದು. ಕಾಲಿನಿಂದ ಒತ್ತುವ ಸ್ವಿಚ್ಚೇ ಅದರ ಜೀವಾಳ. ಹೆಚ್ಚು ಪೆಟ್ಟು ತಿನ್ನುವುದೂ ಅದೇ.

ಕಾರ್ಯಕ್ರಮಕ್ಕೆ ಐದೇ ನಿಮಿಷವಿದ್ದರೆ ರಿಪೇರಿಗೆ ಕೂರಬೇಡಿ. ಪೆಡಲನ್ನು ಬದಿಗಿಟ್ಟು ಗಿಟಾರನ್ನು ನೇರವಾಗಿ ಒಂದು ಆಂಪ್ಲಿಫೈಯರಿಗೆ ಜೋಡಿಸಿ. ಆಗಲೂ ದನಿ ಬರದಿದ್ದರೆ ತಪ್ಪು ಪೆಡಲಿನದಲ್ಲ. ಕೇಬಲ್ ಬದಲಿಸಿ ನೋಡಿ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದಂತೆ, ಕೇಬಲಿನ ತಪ್ಪಿಗೆ ಸ್ವಿಚ್ಚನ್ನು ಕಿತ್ತವರು ಬಹಳ ಮಂದಿ.

'ದೀಪ ಉರಿಯುತ್ತಿದೆ, ಹಾಗಾದರೆ ಸ್ವಿಚ್ಚು ಸರಿಯಾಗಿದೆ' ಎನ್ನುವಂತಿಲ್ಲ. ಇಂಥ ಪೆಡಲುಗಳಲ್ಲಿ ಸಾಮಾನ್ಯವಾಗಿರುವ '೩ಪಿಡಿಟಿ' ಸ್ವಿಚ್ಚಿನೊಳಗೆ ಮೂರು ಬೇರೆ ಬೇರೆ ಸ್ವಿಚ್ಚುಗಳು ಒಟ್ಟಿಗೆ ಚಲಿಸುತ್ತವೆ. ಒಂದು ದೀಪಕ್ಕಾದರೆ ಇನ್ನೊಂದು ಸಿಗ್ನಲ್ಲಿಗೆ. ಸಂಪರ್ಕದ ಲೋಹದ ಮೇಲೆ ಕಿಲುಬಿನ ತೆಳು ಪೊರೆ ಕಟ್ಟಿದ್ದರೂ ೯ ವೋಲ್ಟಿನ ದೀಪ ಉರಿದೀತು. ಗಿಟಾರಿನ ಸಿಗ್ನಲ್ ಬಹಳ ದುರ್ಬಲ, ಅದು ಅಲ್ಲೇ ತಡೆಯುತ್ತದೆ. ಇದಕ್ಕೆ ತದ್ವಿರುದ್ಧವೂ ಉಂಟು: ಸರಳ ಎಬಿವೈ ಪೆಡಲುಗಳಲ್ಲಿ ಬ್ಯಾಟರಿ ಬೇಕಿರುವುದು ದೀಪಕ್ಕೆ ಮಾತ್ರ, ಬ್ಯಾಟರಿ ಮುಗಿದರೂ ಹಾಡು ನಿಲ್ಲುವುದಿಲ್ಲ.

ಪುರುಸೊತ್ತಿದ್ದಾಗ ಬ್ಯಾಟರಿ, ಕೇಬಲುಗಳನ್ನೆಲ್ಲ ತೆಗೆದು ಡಬ್ಬಿಯ ತಳ ಬಿಚ್ಚಿ. ಸ್ವಿಚ್ಚಿನ ಬೆನ್ನಿಗೆ ಮೂರು ಮೂರರಂತೆ ಒಂಬತ್ತು ಕಾಲುಗಳಿರುತ್ತವೆ. ಮಲ್ಟಿಮೀಟರನ್ನು 'ಬೀಪ್' ಎನ್ನುವ ಸ್ಥಾನಕ್ಕಿಡಿ. ಪ್ರತಿ ಮೂರರ ನಡುವಿನ ಕಾಲು ಒಂದು ತುದಿಯೊಂದಿಗೆ ಬೀಪ್ ಎನ್ನಬೇಕು. ಒತ್ತಿದಾಗ ಆ ತುದಿ ಬಿಟ್ಟು ಇನ್ನೊಂದರೊಂದಿಗೆ ಎನ್ನಬೇಕು. ಇಪ್ಪತ್ತು ಸಲ ಒತ್ತಿ ನೋಡಿ. ಒಮ್ಮೆ ಬಂದು ಒಮ್ಮೆ ಬರದಿದ್ದರೆ ಸಂಪರ್ಕ ಸವೆದಿದೆ. ಎಲ್ಲವೂ ಸರಿಯಿದ್ದರೆ ಬಿಟ್ಟುಹೋದ ಬೆಸುಗೆಯನ್ನೋ ಸಡಿಲಗೊಂಡ ಜ್ಯಾಕನ್ನೋ ಹುಡುಕಿ.

ಎಲೆಕ್ಟ್ರಾನಿಕ್ ಸಂಪರ್ಕಗಳಿಗೆಂದೇ ಇರುವ ಕ್ಲೀನರ್ ಕೆಲವೊಮ್ಮೆ ಸ್ವಿಚ್ಚಿಗೆ ಮರುಜೀವ ಕೊಡುತ್ತದೆ. ಆದರೆ ಸವೆದದ್ದಕ್ಕೆ ಹೊಸ ಸ್ವಿಚ್ಚೇ ಮದ್ದು. ಹಳೆಯದನ್ನು ಬಿಡಿಸುವ ಮುನ್ನ ಯಾವ ತಂತಿ ಯಾವ ಕಾಲಿಗಿದೆಯೆಂದು ಫೋಟೋ ತೆಗೆದಿಡಿ. ಹೊಸದು ೯೦ ಡಿಗ್ರಿ ತಿರುಗಿ ಕೂತರೆ ಸಾಲುಗಳೇ ಅದಲುಬದಲು! ಮೊದಲೇ ಮೀಟರಿನಿಂದ ಖಚಿತಪಡಿಸಿಕೊಳ್ಳಿ. ಬೆಸುಗೆ ಹಾಕುವಾಗ ಒಂದು ಕಾಲಿಗೆ ಎರಡು ಮೂರು ಸೆಕೆಂಡು ಸಾಕು, ನಡುನಡುವೆ ತಣಿಯಲು ಬಿಡಿ. ಹೆಚ್ಚು ಕಾಯಿಸಿದರೆ ಒಳಗಿನ ಪ್ಲಾಸ್ಟಿಕ್ ಕರಗಿ ಹೊಸ ಸ್ವಿಚ್ಚೂ ಕೆಡುತ್ತದೆ.

ಇನ್ನು ಎಲ್ಲಕ್ಕಿಂತ ಮುಖ್ಯವಾದ ಮಾತು. ಎರಡು ಆಂಪ್ಲಿಫೈಯರುಗಳನ್ನು ಜೋಡಿಸಿದೊಡನೆ 'ಗುಂಯ್' ಎಂಬ ಸದ್ದು ಎದ್ದು, ಒಂದರ ಕೇಬಲ್ ಕಿತ್ತರೆ ನಿಂತರೆ, ಅದು ಸ್ವಿಚ್ಚಿನ ದೋಷವಲ್ಲ. ಎರಡರ ಅರ್ಥಿಂಗ್ ತಂತಿಗಳೂ ಕೇಬಲುಗಳ ಮೂಲಕ ಸೇರಿ ಉಂಗುರವಾಗಿರುತ್ತವೆ. ಎರಡನ್ನೂ ಒಂದೇ ಪವರ್ ಪಟ್ಟಿಗೆ ಹಾಕಿ ನೋಡಿ. ಸಾಲದಿದ್ದರೆ ಐಸೊಲೇಷನ್ ಟ್ರಾನ್ಸ್‌ಫಾರ್ಮರ್ ಇರುವ ಪೆಡಲ್ ಬಳಸಿ. ಸದ್ದು ನಿಲ್ಲಿಸಲು ಪ್ಲಗ್ಗಿನ ಅರ್ಥಿಂಗ್ ತಪ್ಪಿಸುವ 'ಜಾಣತನ' ಮಾತ್ರ ಖಂಡಿತ ಬೇಡ. ೧೯೭೨ರ ಮೇ ತಿಂಗಳಲ್ಲಿ ವೇಲ್ಸ್‌ನ ಸ್ವಾನ್‌ಸಿಯಲ್ಲಿ 'ಸ್ಟೋನ್ ದ ಕ್ರೋಸ್' ತಂಡದ ಗಿಟಾರ್ ವಾದಕ ಲೆಸ್ ಹಾರ್ವೆ, ಅರ್ಥಿಂಗ್ ಸರಿಯಿಲ್ಲದ ಮೈಕನ್ನು ಮುಟ್ಟಿ ವೇದಿಕೆಯ ಮೇಲೆಯೇ ವಿದ್ಯುತ್ ಆಘಾತಕ್ಕೆ ಬಲಿಯಾದರು. ಗಿಟಾರಿನ ತಂತಿಯ ಮೇಲೆ ಬೆರಳು, ಮೈಕಿನ ಮೇಲೆ ತುಟಿ: ನಮ್ಮ ಮಕ್ಕಳು ನಿಲ್ಲುವುದೂ ಹಾಗೆಯೇ ಅಲ್ಲವೇ?

ಆದ್ದರಿಂದ ಸಮಿತಿಯವರಲ್ಲೊಂದು ವಿನಂತಿ. ಮುಂದಿನ ಹಬ್ಬಕ್ಕೆ ತೆಂಗಿನಕಾಯಿ, ಹೂವು, ಕರ್ಪೂರದ ಪಟ್ಟಿ ಬರೆಯುವಾಗ ಕೊನೆಯಲ್ಲಿ ಇಷ್ಟನ್ನೂ ಸೇರಿಸಿ: ಎರಡು ಹೆಚ್ಚುವರಿ ಕೇಬಲ್, ಒಂದು ೯ ವೋಲ್ಟ್ ಬ್ಯಾಟರಿ, ಒಂದು ಸ್ಕ್ರೂಡ್ರೈವರ್, ಒಂದು ಮಲ್ಟಿಮೀಟರ್. ವಿಘ್ನೇಶ್ವರನ ಕೆಲಸ ಅಷ್ಟಾದರೂ ಹಗುರಾದೀತು!