ಬಾಣದ ಗೆರೆಗೆ ಮೋಸಹೋಗುವವರು ಯಾರು?

ಒಂದೇ ಉದ್ದದ ಎರಡು ಗೆರೆ ಎಳೆಯಿರಿ. ಒಂದರ ಎರಡೂ ತುದಿಗೆ ಬಾಣದ ಮೊನೆ ಕೊಡಿ, ಇನ್ನೊಂದರ ತುದಿಗಳಲ್ಲಿ ರೆಕ್ಕೆಗಳನ್ನು ಹೊರಕ್ಕೆ ಚಾಚಿ. ಎರಡನೆಯದೇ ಉದ್ದ ಅನ್ನಿಸುತ್ತದೆ. ಸ್ಕೇಲಿಟ್ಟು ಅಳೆದು ಎರಡೂ ಸಮ ಎಂದು ಖಾತ್ರಿ ಮಾಡಿಕೊಂಡರೂ ಕಣ್ಣು ಹಟ ಬಿಡುವುದಿಲ್ಲ. ಜರ್ಮನಿಯ ಫ್ರಾನ್ಜ್ ಮುಲ್ಲರ್-ಲೈಯರ್ 1889ರಲ್ಲಿ ಪ್ರಕಟಿಸಿದ ಚಿತ್ರ ಇದು. ಬರೆಯಲು ಅರ್ಧ ನಿಮಿಷ ಸಾಕು; ಯಾಕೆ ಹಾಗೆ ಕಾಣುತ್ತದೆಂಬ ಜಗಳಕ್ಕೆ ನೂರು ವರ್ಷವೂ ಸಾಲಲಿಲ್ಲ.

ನೋಟವೆಂದರೆ ನಮ್ಮ ಅರಿವಿಗೆ ಬಾರದೆ ಮನಸ್ಸು ಕಟ್ಟುವ ಊಹೆ ಎಂದು ವಿಜ್ಞಾನಿ ಹೆಲ್ಮ್‌ಹೋಲ್ಟ್ಸ್ ಅದಕ್ಕೂ ಮೊದಲೇ ಹೇಳಿದ್ದ. ಊಹೆಗೆ ಬಂಡವಾಳ ಹಿಂದಿನ ಅನುಭವ. ಹಾಗಿದ್ದರೆ ಬೇರೆ ಬೇರೆ ಬದುಕಿನ ಜನ ಬೇರೆ ಬೇರೆಯಾಗಿ ಮೋಸಹೋಗಬೇಕಲ್ಲ? 1898ರಲ್ಲಿ ಟಾರೆಸ್ ಜಲಸಂಧಿಯ ದ್ವೀಪಗಳಿಗೆ ಹೋದ ಕೇಂಬ್ರಿಜ್ ತಂಡದಲ್ಲಿದ್ದ ಡಬ್ಲ್ಯು. ಎಚ್. ಆರ್. ರಿವರ್ಸ್ ಅಲ್ಲಿನವರಿಗೆ ಈ ಗೆರೆಗಳನ್ನು ತೋರಿಸಿದ. ಇಂಗ್ಲಿಷರಿಗಿಂತ ಅವರೇ ಕಡಿಮೆ ಮೋಸಹೋದರು! ಆಮೇಲೆ ಆತ ನಮ್ಮ ಪಕ್ಕದ ನೀಲಗಿರಿಗೂ ಬಂದು ತೋದ ಬುಡಕಟ್ಟಿನವರನ್ನು ಪರೀಕ್ಷಿಸಿದ. ಅಲ್ಲೂ ಅದೇ ಫಲಿತಾಂಶ.

ಕಾರಣ ಹೊಳೆದದ್ದು ತಡವಾಗಿ. ಕೇಂಬ್ರಿಜ್‌ನ ರಿಚರ್ಡ್ ಗ್ರೆಗರಿ 1963ರಲ್ಲಿ ಹೇಳಿದ: ಹೊರಚಾಚಿದ ರೆಕ್ಕೆಯ ಗೆರೆ ಕೋಣೆಯ ಒಳಮೂಲೆಯಂತೆ ಕಾಣುತ್ತದೆ, ಅಂದರೆ ನಮ್ಮಿಂದ ದೂರ, ಬಾಣದ ಗೆರೆ ಕಟ್ಟಡದ ಹೊರಮೂಲೆಯಂತೆ, ಅಂದರೆ ಹತ್ತಿರ. ದೂರದ್ದನ್ನು ಮಿದುಳು ತಾನಾಗಿ ಹಿಗ್ಗಿಸಿ ಓದುತ್ತದೆ. ಚೌಕ ಗೋಡೆಗಳ ನಡುವೆ ಬೆಳೆದವರಿಗೆ ಇದು ರೂಢಿ. ಬಿದಿರು ಬಗ್ಗಿಸಿ ಕಟ್ಟಿದ, ಅರ್ಧ ಪೀಪಾಯಿಯಂಥ ಮನೆಯ ತೋದರಿಗೆ ಆ ರೂಢಿ ಎಲ್ಲಿಂದ ಬರಬೇಕು? ವಿವರಣೆ ಎಷ್ಟು ಚೆನ್ನಾಗಿ ಕೂಡಿಬಂತೆಂದರೆ ಪಠ್ಯಪುಸ್ತಕಗಳಲ್ಲಿ ಅದು ಇವತ್ತಿಗೂ ನೆಲೆಸಿದೆ.

ಗ್ರೆಗರಿ ಬಳಿ ಇನ್ನೊಂದು ಸಾಕ್ಷಿಯೂ ಇತ್ತು. ಹತ್ತು ತಿಂಗಳ ಕೂಸಾಗಿದ್ದಾಗಲೇ ದೃಷ್ಟಿ ಕಳೆದುಕೊಂಡಿದ್ದ ಸಿಡ್ನಿ ಬ್ರಾಡ್‌ಫೋರ್ಡ್‌ಗೆ 52ನೇ ವಯಸ್ಸಿನಲ್ಲಿ ಕಾರ್ನಿಯಾ ಕಸಿಯಾಯಿತು. ಬೆರಳಿನಿಂದ ಕಲಿತಿದ್ದ ದೊಡ್ಡಕ್ಷರಗಳನ್ನು ಆತ ಈಗ ಕಣ್ಣಿನಿಂದಲೇ ಓದಿದ, ಗಡಿಯಾರ ನೋಡಿ ಹೊತ್ತು ಹೇಳಿದ. ಆದರೆ ಮುಲ್ಲರ್-ಲೈಯರ್ ಗೆರೆಗಳು ಆತನನ್ನು ಅಷ್ಟಾಗಿ ಏಮಾರಿಸಲಿಲ್ಲ. ಅನುಭವವಿಲ್ಲದ ಕಣ್ಣಿಗೆ ಭ್ರಮೆಯೂ ಇಲ್ಲ ಎಂದು ವಾದಿಸಬಹುದಿತ್ತು. ಒಬ್ಬನೇ ಮನುಷ್ಯನ ಮೇಲೆ ಅಷ್ಟು ಭಾರ ಹೊರಿಸುವುದು ನನಗೆ ಒಪ್ಪುವುದಿಲ್ಲ, ಆದರೆ ಅಂಥ ಇನ್ನೊಬ್ಬರನ್ನು ಹುಡುಕುವುದೂ ಸುಲಭವಿರಲಿಲ್ಲ.

ಸಿಕ್ಕಿದ್ದು ಭಾರತದಲ್ಲಿ. ಹುಟ್ಟಿನಿಂದಲೇ ದಟ್ಟ ಪೊರೆ ಬಂದು, ಚಿಕಿತ್ಸೆಯಿಲ್ಲದೆ ಕತ್ತಲಲ್ಲೇ ಬೆಳೆಯುವ ಮಕ್ಕಳು ಉತ್ತರ ಭಾರತದ ಹಳ್ಳಿಗಳಲ್ಲಿ ಎಷ್ಟೋ ಮಂದಿ. ಎಂಐಟಿಯ ಪವನ್ ಸಿನ್ಹಾ ಅವರ ಪ್ರಾಜೆಕ್ಟ್ ಪ್ರಕಾಶ್ ಅಂಥವರಿಗೆ ಶಸ್ತ್ರಚಿಕಿತ್ಸೆ ಮಾಡಿಸುತ್ತದೆ. ಜೊತೆಗೇ, ಹೊಸದಾಗಿ ತೆರೆದ ಕಣ್ಣು ಏನು ಕಾಣುತ್ತದೆ ಎಂದೂ ಕೇಳುತ್ತದೆ. 8ರಿಂದ 16 ವರ್ಷದ ಒಂಬತ್ತು ಮಕ್ಕಳಿಗೆ ದೃಷ್ಟಿ ಬಂದ ಬೆನ್ನಿಗೇ ಎರಡು ಚಿತ್ರ ತೋರಿಸಿದರು. ಒಂದು ಈ ಬಾಣದ ಗೆರೆ. ಇನ್ನೊಂದು ಪೊನ್ಜೊ ಚಿತ್ರ: ರೈಲು ಹಳಿಯಂತೆ ಕೂಡುತ್ತ ಹೋಗುವ ಗೆರೆಗಳ ನಡುವೆ ಸಮ ಉದ್ದದ ಎರಡು ಅಡ್ಡಪಟ್ಟಿ, ಮೇಲಿನದು ದೊಡ್ಡದೆನಿಸುತ್ತದೆ. ಗ್ರೆಗರಿಯ ಲೆಕ್ಕದಲ್ಲಿ ಈ ಮಕ್ಕಳು ಸರಿಯುತ್ತರ ಹೇಳಬೇಕಿತ್ತು. ಮೂಲೆಯನ್ನೂ ಹಳಿಯನ್ನೂ ಅವರು ಕಂಡದ್ದು ಯಾವಾಗ?

ಅವರೂ ನಮ್ಮ ಹಾಗೆಯೇ ಮೋಸಹೋದರು. ಎರಡರಲ್ಲೂ.

2015ರಲ್ಲಿ ಇದು ಪ್ರಕಟವಾದಾಗ ತಂಡದ ತೀರ್ಮಾನ ಹೀಗಿತ್ತು: ಈ ಭ್ರಮೆಗಳಿಗೆ ಕಂಡುಂಡ ಅನುಭವ ಬೇಕಿಲ್ಲ, ಗೆರೆ-ಕೋನಗಳನ್ನು ಮೊದಲ ಹಂತದಲ್ಲೇ ಸಂಸ್ಕರಿಸುವ ಏರ್ಪಾಟಿನಲ್ಲೇ ಅವುಗಳ ಬೇರಿರಬಹುದು. ಪೊರೆಯೊಳಗಿಂದಲೂ ಬೆಳಕಿನ ಮಬ್ಬು ನುಸುಳುತ್ತದೆ, ಕಣ್ಣು ಪೂರ್ತಿ ಕೋರಾ ಕಾಗದವಲ್ಲ ಎಂದು ತಕರಾರು ತೆಗೆಯಬಹುದು. ಆದರೆ ಮಬ್ಬಿನಲ್ಲಿ ಕೋಣೆಯ ಮೂಲೆ ಮೂಡುತ್ತದೆಯೇ? ಗ್ರೆಗರಿಯ ಕತೆಗಿಂತ ಈ ಒಂಬತ್ತು ಮಕ್ಕಳ ಉತ್ತರವೇ ನನಗೆ ಗಟ್ಟಿ ಅನ್ನಿಸುತ್ತದೆ. ಉಳಿಯುವುದು ರಿವರ್ಸ್‌ನ ಅಳತೆಗಳು. ಭ್ರಮೆ ಹುಟ್ಟಿನಿಂದಲೇ ಬಂದದ್ದಾದರೆ ತೋದರಲ್ಲಿ ಅದು ಕಡಿಮೆಯಿದ್ದುದೇಕೆ? ಹುಟ್ಟಿನಿಂದ ಬಂದದ್ದನ್ನು ಬೆಳೆದ ಪರಿಸರ ಹೆಚ್ಚುಕಡಿಮೆ ಮಾಡುತ್ತದೆ ಎನ್ನಬಹುದು. ಅದನ್ನು ತಿಳಿಯಬೇಕಾದರೆ ಕಣ್ಣು ಬಂದ ಮಕ್ಕಳನ್ನು ವರ್ಷಗಟ್ಟಲೆ ಮತ್ತೆ ಮತ್ತೆ ಅದೇ ಗೆರೆಗಳ ಮುಂದೆ ಕೂರಿಸಬೇಕು.