ಅದೇ ಮೆದುಳು, ಬೇರೆ ಮರ್ಯಾದೆ

ಲ್ಯಾಬ್‌ನಲ್ಲಿ ನಮಗೆ ಮೊದಲು ಹೇಳಿಕೊಡೋ ಪಾಠ ಇದು: ಯಾವುದರಿಂದ ಏನಾಗ್ತಿದೆ ಅಂತ ತಿಳ್ಕೋಬೇಕಾದ್ರೆ ಒಂದು ಸಲಕ್ಕೆ ಒಂದನ್ನೇ ಬದಲಾಯಿಸಿ, ಉಳಿದಿದ್ದನ್ನೆಲ್ಲ ಹಾಗೇ ಬಿಡಿ. ರೆಸಿಸ್ಟೆನ್ಸ್ ಬದಲಾಯಿಸಿ ಕರೆಂಟ್ ನೋಡೋವಾಗ ನಾವು ವೋಲ್ಟೇಜ್ ಮುಟ್ಟಲ್ಲ. ಆದರೆ ‘ಗಂಡಸಾದರೆ ಜನ ಹೇಗೆ ನಡೆಸ್ಕೋತಾರೆ, ಹೆಂಗಸಾದರೆ ಹೇಗೆ?’ ಅನ್ನೋ ಪ್ರಶ್ನೆಗೆ ಇಂಥ ಪ್ರಯೋಗ ಮಾಡೋದು ಹೇಗೆ? ಒಬ್ಬರೇ ಮನುಷ್ಯ ಎರಡೂ ಕಡೆ ಬದುಕಿ ನೋಡಿರಬೇಕು. ಅಂಥವರಿದ್ದಾರೆ. ಅವರಲ್ಲಿ ಟ್ರಾನ್ಸ್ ಪುರುಷರ ಮಾತನ್ನ ನಾವು ಕೇಳಿರೋದು ಬಹಳ ಕಡಿಮೆ.

ಹುಟ್ಟಿದಾಗ ಹೆಣ್ಣುಮಗು ಅಂತ ದಾಖಲಾಗಿ, ಆದರೆ ತಾನು ಗಂಡು ಅಂತ ಒಳಗಿಂದ ತಿಳಿದು, ಹಾಗೆ ಬದುಕುವವರು ಟ್ರಾನ್ಸ್ ಪುರುಷರು. ಕರ್ನಾಟಕದಲ್ಲಿ ‘ಟ್ರಾನ್ಸ್’ ಅಂದ ತಕ್ಷಣ ನಮಗೆ ನೆನಪಾಗೋದು ಟ್ರಾನ್ಸ್ ಮಹಿಳೆಯರು. 2021ರಲ್ಲಿ ಪದ್ಮಶ್ರೀ ಪಡೆದ ಮಂಜಮ್ಮ ಜೋಗತಿ ಅವರ ಹೆಸರು ಎಲ್ಲರಿಗೂ ಗೊತ್ತು. ಒಬ್ಬ ಟ್ರಾನ್ಸ್ ಪುರುಷನ ಹೆಸರು ಹೇಳಿ ಅಂದ್ರೆ ಇಡೀ ಕ್ಲಾಸ್ ಸುಮ್ಮನಾಗುತ್ತೆ. ಕೆಲವರು ಡಾಕ್ಟರ ಸಲಹೆ ಮೇಲೆ ಟೆಸ್ಟೋಸ್ಟೆರೋನ್ ತಗೋತಾರೆ. ಕೆಲವು ತಿಂಗಳಲ್ಲಿ ದನಿ ಗಡಸಾಗುತ್ತೆ, ನಿಧಾನಕ್ಕೆ ಗಡ್ಡ ಮೂಡುತ್ತೆ. ಕೆಲವರು ಏನೂ ತಗೊಳ್ಳಲ್ಲ, ಸರ್ಜರಿನೂ ಮಾಡಿಸ್ಕೊಳ್ಳಲ್ಲ. ತನ್ನ ಲಿಂಗ ಯಾವುದು ಅಂತ ಹೇಳ್ಕೊಳ್ಳೋ ಹಕ್ಕು ಆ ವ್ಯಕ್ತಿಯದೇ, ಅದಕ್ಕೆ ಸರ್ಜರಿ ಆಗಿರಲೇಬೇಕು ಅಂತ ಒತ್ತಾಯ ಮಾಡೋ ಹಾಗಿಲ್ಲ ಅಂತ ಸುಪ್ರೀಂ ಕೋರ್ಟ್ 2014ರ ಏಪ್ರಿಲ್ 15ರ ತೀರ್ಪಿನಲ್ಲಿ ಹೇಳಿತ್ತು.

ಈಗ ಅಮೆರಿಕದ ಬೆನ್ ಬ್ಯಾರೆಸ್ ಕಥೆ. ನಮ್ಮಂಥವರಿಗೆ ಹತ್ತಿರದ ಕಥೆ ಇದು, ಯಾಕಂದ್ರೆ ಶುರುವಾಗೋದು ಎಂಐಟಿಯ ಕ್ಲಾಸ್‌ರೂಮಲ್ಲಿ. 1970ರ ದಶಕದಲ್ಲಿ ಬೆನ್ ಅಲ್ಲಿ ಓದ್ತಿದ್ದಾಗ ಎಲ್ಲರೂ ಅವರನ್ನ ಹುಡುಗಿ ಅಂತಲೇ ನೋಡ್ತಿದ್ದರು. ಹುಡುಗರೇ ತುಂಬಿದ್ದ ದೊಡ್ಡ ಕ್ಲಾಸಲ್ಲಿ ಒಂದು ಕಷ್ಟದ ಗಣಿತದ ಪ್ರಾಬ್ಲಂ ಬಿಡಿಸಿದ್ದು ಇವರೊಬ್ಬರೇ. ಅದಕ್ಕೆ ಪ್ರೊಫೆಸರ್ ಏನಂದ್ರು ಗೊತ್ತಾ? ನಿನ್ನ ಬಾಯ್‌ಫ್ರೆಂಡ್ ಬಿಡಿಸಿಕೊಟ್ಟಿರಬೇಕು ಅಂತ!

ಮುಂದೆ ಅವರು ಡಾಕ್ಟರ್ ಆದರು, ಹಾರ್ವರ್ಡ್‌ನಲ್ಲಿ ಪಿಎಚ್‌ಡಿ ಮಾಡಿದರು, ಸ್ಟ್ಯಾನ್‌ಫರ್ಡ್‌ನಲ್ಲಿ ಮೆದುಳಿನ ‘ಗ್ಲಿಯಾ’ ಜೀವಕೋಶಗಳ ಬಗ್ಗೆ ದೊಡ್ಡ ಕೆಲಸ ಮಾಡಿದರು. 1997ರಲ್ಲಿ, ನಲವತ್ತು ದಾಟಿದ ಮೇಲೆ, ಬೆನ್ ಆಗಿ ಬದುಕೋಕೆ ಶುರು ಮಾಡಿದರು. ಆಮೇಲೊಂದು ಸಲ ಅವರ ಭಾಷಣ ಕೇಳಿದ ಒಬ್ಬರು, ಇವತ್ತು ಬೆನ್ ತುಂಬ ಚೆನ್ನಾಗಿ ಮಾತಾಡಿದ, ಇವನ ತಂಗಿಯ ಕೆಲಸಕ್ಕಿಂತ ಇವನದು ಎಷ್ಟೋ ಮೇಲು ಅಂದರಂತೆ. ಆ ‘ತಂಗಿ’ ಬೇರೆ ಯಾರೂ ಅಲ್ಲ, ಹಳೇ ಹೆಸರಿನಲ್ಲಿದ್ದ ಬೆನ್ ಅವರೇ! ಅದೇ ಮೆದುಳು, ಅದೇ ರಿಸರ್ಚ್. ಬದಲಾಗಿದ್ದು ನೋಡುವವರ ಕಣ್ಣು. ಗಂಡಸಾಗಿ ಕಾಣೋಕೆ ಶುರುವಾದ ಮೇಲೆ ಯಾರೂ ಮಧ್ಯೆ ಬಾಯಿ ಹಾಕದೆ ಒಂದು ವಾಕ್ಯ ಮುಗಿಸೋಕೆ ಆಗ್ತಿದೆ ಅಂತ ಅವರು 2006ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಬರೆದರು. ನಮ್ಮ ಪ್ರಾಜೆಕ್ಟ್ ಟೀಮ್‌ನ ಹುಡುಗೀರಿಗೆ ಇದನ್ನ ಬಿಡಿಸಿ ಹೇಳಬೇಕಾಗಿಲ್ಲ.

ಟೆಸ್ಟೋಸ್ಟೆರೋನ್ ಮನುಷ್ಯನನ್ನೂ ಬದಲಾಯಿಸುತ್ತಲ್ಲ, ಇದು ಶುದ್ಧ ಪ್ರಯೋಗ ಹೇಗಾಗುತ್ತೆ ಅಂತ ಕೇಳಬಹುದು. ನ್ಯಾಯವಾದ ಪ್ರಶ್ನೆ. ಹಾರ್ಮೋನ್ ಶುರುವಾದ ಮೇಲೆ ಅಳು ಸುಲಭಕ್ಕೆ ಬರಲ್ಲ ಅಂತ ಎಷ್ಟೋ ಟ್ರಾನ್ಸ್ ಪುರುಷರು ಹೇಳ್ತಾರೆ. ಅದರಲ್ಲಿ ಹಾರ್ಮೋನಿನ ಪಾಲೆಷ್ಟು, ಸುತ್ತಲಿನವರ ಪಾಲೆಷ್ಟು ಅಂತ ಬೇರೆ ಮಾಡೋದು ಕಷ್ಟ. ಆದರೆ ಇಂಜೆಕ್ಷನ್ ತಗೊಂಡಿದ್ದು ಬೆನ್, ಅವರ ಭಾಷಣ ಕೇಳಿದವರಲ್ಲ. ಹಾಗಿದ್ದೂ ಕೇಳುವವರ ಅಭಿಪ್ರಾಯ ಬದಲಾಯ್ತು!

ಹಾಗಾದ್ರೆ ಗಂಡಸಾದರೆ ಬರೀ ಲಾಭಾನಾ? ಇಲ್ಲಿ ಇನ್ನೊಬ್ಬ ಅಮೆರಿಕನ್ ಬರ್ತಾರೆ: ಪತ್ರಕರ್ತ ಥಾಮಸ್ ಪೇಜ್ ಮೆಕ್‌ಬೀ. ಗಂಡಸರು ಯಾಕೆ ಹೊಡೆದಾಡ್ತಾರೆ ಅಂತ ತಿಳಿಯೋಕೆ ಅವರು ಬಾಕ್ಸಿಂಗ್ ಕಲಿತರು. 2015ರಲ್ಲಿ ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನ ರಿಂಗಿಗಿಳಿದರು. ಅಲ್ಲಿ ಬಾಕ್ಸಿಂಗ್ ಮಾಡಿದ ಮೊದಲ ಟ್ರಾನ್ಸ್ ಪುರುಷ ಅವರೇ. ಆ ಅನುಭವದ ಪುಸ್ತಕ ‘ಅಮೆಚೂರ್’ 2018ರಲ್ಲಿ ಬಂತು. ಮೀಟಿಂಗ್‌ನಲ್ಲಿ ತಾನು ಮಾತಾಡಿದರೆ ಎಲ್ಲರೂ ಕಿವಿಗೊಡೋದನ್ನ ಅವರೂ ಗಮನಿಸ್ತಾರೆ. ಜೊತೆಗೆ ಇನ್ನೊಂದನ್ನೂ ಗಮನಿಸ್ತಾರೆ: ಗಂಡಸಾದ ಮೇಲೆ ಯಾರೂ ಮುಟ್ಟಿ ಮಾತಾಡಿಸಲ್ಲ. ದುಃಖದಲ್ಲಿದ್ದಾಗಲೂ ತಬ್ಬಿಕೊಳ್ಳೋರು, ಬೆನ್ನು ಸವರೋರು ಕಡಿಮೆಯಾಗಿಬಿಟ್ಟರು. ಒಂದು ಕೈಯಲ್ಲಿ ಮರ್ಯಾದೆ ಸಿಕ್ತು, ಇನ್ನೊಂದು ಕೈಯಿಂದ ಹತ್ತಿರದ ಬಾಂಧವ್ಯ ಜಾರಿಹೋಯ್ತು.

ಹುಟ್ಟಿನಿಂದ ಗಂಡಸಾದವರಿಗೆ ಈ ನಷ್ಟ ಕಾಣೋದೇ ಇಲ್ಲ, ಯಾಕಂದ್ರೆ ಅದು ಒಂದೇ ದಿನದಲ್ಲಿ ಆಗಲ್ಲ. ನ್ಯೂಯಾರ್ಕ್ ಯೂನಿವರ್ಸಿಟಿಯ ಮನಶ್ಶಾಸ್ತ್ರಜ್ಞೆ ನಿಯೋಬಿ ವೇ ಅಮೆರಿಕದ ಹುಡುಗರ ಜೊತೆ ವರ್ಷಗಟ್ಟಲೆ ಮಾತಾಡಿ 2011ರಲ್ಲಿ ಒಂದು ಪುಸ್ತಕ ಬರೆದರು. ಹದಿಮೂರು ಹದಿನಾಲ್ಕರ ಹುಡುಗರು ಗೆಳೆಯನ ಮೇಲಿನ ಪ್ರೀತಿಯನ್ನ ಸಂಕೋಚವಿಲ್ಲದೆ ಹೇಳ್ತಾರೆ, ಗುಟ್ಟು ಹಂಚ್ಕೋತಾರೆ. ಹದಿನೈದು ಹದಿನಾರು ದಾಟೋ ಹೊತ್ತಿಗೆ ಎಷ್ಟೋ ಜನ ಅದನ್ನ ನಿಲ್ಲಿಸಿಬಿಡ್ತಾರೆ. ಪ್ರೀತಿ ಬೇಡ ಅಂತಲ್ಲ, ಅದು ‘ಗಂಡಸಿನ ಲಕ್ಷಣ ಅಲ್ಲ’ ಅಂತ ಕಲಿತಿರ್ತಾರೆ.

ನಮ್ಮಲ್ಲಿ ಈ ಪಾಠ ಗಾದೆಯಲ್ಲೇ ಇದೆ: ಅಳೋ ಗಂಡಸನ್ನ ನಂಬಬಾರದು, ನಗೋ ಹೆಂಗಸನ್ನ ನಂಬಬಾರದು. ಒಂದೇ ಸಾಲಲ್ಲಿ ಇಬ್ಬರಿಗೂ ಬೀಗ! ನಮ್ಮ ಹಾಸ್ಟೆಲ್‌ನಲ್ಲಿ ಭುಜದ ಮೇಲೆ ಕೈ ಹಾಕ್ಕೊಂಡು ಓಡಾಡ್ತೀವಿ, ಮುಟ್ಟೋದಕ್ಕೆ ಬರ ಇಲ್ಲ. ಬರ ಇರೋದು ಮಾತಿಗೆ. ಮೂರು ಬ್ಯಾಕ್ ಇರೋನನ್ನ ‘ಯಾಕೋ ಡಲ್ಲಾಗಿದೀಯ?’ ಅಂತ ಕೇಳಿದ್ರೆ ‘ಏನಿಲ್ಲ ಮಗಾ, ನಿದ್ದೆ ಸಾಲಲ್ಲ’ ಅಂತಾನೆ. ಅಲ್ಲಿಗೆ ಮಾತು ಮುಗೀತು. ಎನ್‌ಸಿಆರ್‌ಬಿ ವರದಿ ಪ್ರಕಾರ 2022ರಲ್ಲಿ ದೇಶದಲ್ಲಿ 1,70,924 ಜನ ಆತ್ಮಹತ್ಯೆಯಿಂದ ತೀರಿಕೊಂಡರು. ಅವರಲ್ಲಿ ನೂರಕ್ಕೆ 70ಕ್ಕಿಂತ ಹೆಚ್ಚು ಗಂಡಸರು. ಒಬ್ಬೊಬ್ಬರ ಕಾರಣ ಒಂದೊಂದು. ಆದರೆ ಬಾಯಿಬಿಟ್ಟು ಹೇಳೋ ಅಭ್ಯಾಸವೇ ಇಲ್ಲದವನಿಗೆ ಕಷ್ಟ ದುಪ್ಪಟ್ಟು ಭಾರ.

ಹಾಗಂತ ಟ್ರಾನ್ಸ್ ಪುರುಷರು ಇರೋದು ನಮಗೆ ಪಾಠ ಹೇಳೋಕಲ್ಲ. ಅವರಿಗೂ ಇಂಟರ್ನಲ್ಸ್, ಅಟೆಂಡೆನ್ಸ್, ಮೆಸ್ ಊಟ ಎಲ್ಲ ಇದೆ. ಅದರ ಮೇಲೆ ಯಾವ ಹಾಸ್ಟೆಲ್, ಯಾವ ಟಾಯ್ಲೆಟ್, ಮಾರ್ಕ್ಸ್ ಕಾರ್ಡಲ್ಲಿ ಯಾವ ಹೆಸರು ಅನ್ನೋ ತಲೆನೋವು ಬೇರೆ. ಅಂಥವರೊಬ್ಬರು ನಮ್ಮ ಕ್ಲಾಸಲ್ಲೇ ಇರಬಹುದು, ಹೇಳ್ಕೊಂಡಿರಲಿಕ್ಕಿಲ್ಲ. ಅವರು ಹೇಳಿದ ಹೆಸರಿನಿಂದ ಕರೆಯೋಣ. ದೇಹದ ಬಗ್ಗೆ ಕೆದಕೋದು ಬೇಡ. ಅವರ ವಿಷಯ ಇನ್ನೊಬ್ಬರಿಗೆ ಹೇಳೋದಂತೂ ಬೇಡವೇ ಬೇಡ.

ಬೆನ್ ತನಗೆ ಸಿಕ್ಕ ಮರ್ಯಾದೆಯನ್ನ ವಿಜ್ಞಾನದಲ್ಲಿ ಹೆಣ್ಣುಮಕ್ಕಳ ಪರವಾಗಿ, ಕಿರಿಯರ ಪರವಾಗಿ ಮಾತಾಡೋಕೆ ಬಳಸಿದರು. 2017ರಲ್ಲಿ ತೀರಿಕೊಳ್ಳೋವರೆಗೂ ಅದನ್ನ ಬಿಡಲಿಲ್ಲ. ನಾವು ಅಷ್ಟು ದೊಡ್ಡದು ಮಾಡಬೇಕಿಲ್ಲ. ಟೀಮ್‌ನಲ್ಲಿ ಹುಡುಗಿ ಮಾತಾಡ್ತಿದ್ರೆ ಮುಗಿಸೋಕೆ ಬಿಡೋಣ. ರೂಮ್‌ಮೇಟ್ ‘ಏನಿಲ್ಲ’ ಅಂದ್ರೆ ಇನ್ನೊಂದು ಸಲ ಕೇಳೋಣ, ಒಂದು ಟೀ ಕುಡಿಸಿ ಕೇಳೋಣ. ನಮ್ಮ ಕೈಲಾಗದಷ್ಟು ಇದ್ರೆ ಟೆಲಿ ಮಾನಸ್ ಇದೆ: 14416. ದುಡ್ಡಿಲ್ಲ, ದಿನದ 24 ಗಂಟೆ, ಕನ್ನಡದಲ್ಲೇ ಮಾತಾಡಬಹುದು. ನಂಬರ್ ಈಗಲೇ ಸೇವ್ ಮಾಡ್ಕೊಳ್ಳಿ.