ಪಿಸ್ತೂಲು ಕಚ್ಚಿಕೊಂಡರೆ ಮೊದಲು ಕಾಡತೂಸನ್ನು ಅಳೆಯಿರಿ

ಅಮೆರಿಕದ ಒಹಾಯೊ ರಾಜ್ಯದ ಕ್ಯಾಂಪ್ ಪೆರಿ 1907ರಿಂದಲೂ ರಾಷ್ಟ್ರೀಯ ಶೂಟಿಂಗ್ ಸ್ಪರ್ಧೆಗಳಿಗೆ ಹೆಸರಾದ ತಾಣ. ಆ ದೇಶದ ಪಿಸ್ತೂಲ್ ಶೂಟರ್‌ಗಳಲ್ಲಿ ಅನೇಕರು ತಮ್ಮ ಕಾಡತೂಸುಗಳನ್ನು ತಾವೇ ತಯಾರಿಸಿಕೊಳ್ಳುತ್ತಾರೆ. ಹಾರಿಸಿದ ಮೇಲೆ ಉಳಿದ ಹಿತ್ತಾಳೆಯ ಕೇಸ್‌ಗಳನ್ನು ಆಯ್ದು ತಂದು, ಹೊಸ ಪ್ರೈಮರ್, ಮದ್ದು, ಗುಂಡು ಕೂರಿಸುತ್ತಾರೆ. ಖರ್ಚು ಇಳಿಯುತ್ತದೆ, ತಮ್ಮ ಪಿಸ್ತೂಲಿಗೆ ಒಪ್ಪುವ ಹದವೂ ಸಿಗುತ್ತದೆ. ಆದರೆ ನಾಲ್ಕನೆಯದೋ ಐದನೆಯದೋ ಕಾಡತೂಸಿಗೆ, ಪಿಸ್ತೂಲಿನ ಮೇಲೆ ಹಿಂದೆಮುಂದೆ ಸರಿಯುವ ಸ್ಲೈಡ್ ಅರ್ಧಕ್ಕೇ ನಿಂತಾಗ ಕೈ ಮೊದಲು ಅರದ ಕಡೆ ಹೋಗುತ್ತದೆ. ಹಾಗಾಗಬಾರದು. ಇಂಥ ತೊಂದರೆಯ ಮೂಲ ಹೆಚ್ಚಾಗಿ ಇರುವುದು ಕಾಡತೂಸಿನ ಅಳತೆಯಲ್ಲಿ.

ಜಾನ್ ಬ್ರೌನಿಂಗ್ ರೂಪಿಸಿ, ಅಮೆರಿಕದ ಸೇನೆ 1911ರಲ್ಲಿ ಒಪ್ಪಿಕೊಂಡ .45 ಪಿಸ್ತೂಲನ್ನೇ ನೋಡಿ. ಗುಂಡು ಹಾರಿದೊಡನೆ ಸ್ಲೈಡ್ ಹಿಂದೆ ಸರಿದು ಖಾಲಿ ಕೇಸನ್ನು ಹೊರಗೆಸೆಯುತ್ತದೆ. ಸ್ಪ್ರಿಂಗ್ ಅದನ್ನು ಮುಂದಕ್ಕೆ ತಳ್ಳುವಾಗ ಮ್ಯಾಗಜಿನ್‌ನ ಮೇಲಿನ ಕಾಡತೂಸು ಕಳಚಿ, ಅದರ ಮೂತಿ ಇಳಿಜಾರು ಹತ್ತಿ ಚೇಂಬರ್ ಸೇರುತ್ತದೆ. ಅಷ್ಟರಲ್ಲಿ ಕೇಸಿನ ಅಂಚು ಎಕ್ಸ್‌ಟ್ರಾಕ್ಟರ್ ಕೊಕ್ಕೆಯ ಕೆಳಗೆ ಜಾರಿರಬೇಕು. ಇದೆಲ್ಲ ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿಯುವ ಕೆಲಸ. ಅಳತೆ ಕೂದಲೆಳೆಯಷ್ಟು ತಪ್ಪಿದರೂ ಸರಣಿ ಮುರಿಯುತ್ತದೆ.

ದೋಷ ಹುಡುಕಲು ಒಂದು ಕ್ರಮವಿದೆ. ಮೊದಲು ಕಾರ್ಖಾನೆಯ ಕಾಡತೂಸು ಹಾಕಿ ಹಾರಿಸಬೇಕು. ಅದು ಸರಾಗವಾಗಿ ಓಡಿದರೆ ಪಿಸ್ತೂಲಿನ ಮೇಲಿನ ಅನುಮಾನ ಬಹುಪಾಲು ಕಳೆಯಿತು. ಅದೂ ಸಿಕ್ಕಿಕೊಂಡರೆ ಮ್ಯಾಗಜಿನ್‌ಗಳಿಗೆ ಸಂಖ್ಯೆ ಬರೆದು, ಒಂದೇ ಮ್ಯಾಗಜಿನ್ ಪದೇ ಪದೇ ಕಾಡುತ್ತಿದೆಯೇ ಎಂದು ಗಮನಿಸಬೇಕು. ಅದರ ತುಟಿ ಬಾಗಿರಬಹುದು, ಸ್ಪ್ರಿಂಗ್ ಸೋತಿರಬಹುದು.

ಮುಂದಿನ ಪರೀಕ್ಷೆಗೆ ಯಾವ ದುಬಾರಿ ಸಲಕರಣೆಯೂ ಬೇಡ. ಪಿಸ್ತೂಲು ಖಾಲಿಯಿದೆಯೆಂದು ಎರಡು ಸಲ ನೋಡಿ, ಬ್ಯಾರೆಲ್ ಬಿಚ್ಚಿ ತೆಗೆದು, ಬಾಯಿ ಕೆಳಗೆ ಮಾಡಿ ಹಿಡಿಯಬೇಕು. ನೀವು ತಯಾರಿಸಿದ ಕಾಡತೂಸನ್ನು ಚೇಂಬರಿಗೆ ಬಿಟ್ಟರೆ ಅದು 'ಟಣ್' ಎಂದು ತಳ ಸೇರಬೇಕು, ಬೆರಳಲ್ಲಿ ತಿರುಗಿಸಿದರೆ ತಡೆಯಿಲ್ಲದೆ ತಿರುಗಬೇಕು, ಬ್ಯಾರೆಲ್ ಮಗುಚಿದರೆ ತನ್ನ ಭಾರಕ್ಕೇ ಹೊರಗೆ ಬೀಳಬೇಕು. ಬೀಳದಿದ್ದರೆ ಕಾಡತೂಸಿಗೆ ಮಾರ್ಕರ್ ಶಾಯಿ ಬಳಿದು ಮತ್ತೆ ಹಾಕಿ ತಿರುಗಿಸಿ ತೆಗೆಯಿರಿ. ಶಾಯಿ ಅಳಿಸಿದ ಜಾಗವೇ ದೋಷದ ಜಾಗ.

ಗುಂಡಿನ ಮೇಲೆ ಶಾಯಿ ಅಳಿಸಿದ್ದರೆ ಗುಂಡು ಮುಂದಕ್ಕೆ ಚಾಚಿ ಬ್ಯಾರೆಲಿನ ಒಳಗೆರೆಗಳಿಗೆ ತಾಗುತ್ತಿದೆ. .45ಕ್ಕೆ ಒಟ್ಟು ಉದ್ದದ ಮಿತಿ 1.275 ಇಂಚು, 9 ಎಂಎಂಗೆ 1.169 ಇಂಚು. ಚಪ್ಪಟೆ ಮೂತಿಯ ಗುಂಡಿಗೆ ಇದಕ್ಕಿಂತ ಕಡಿಮೆ ಉದ್ದವೇ ಬೇಕಾಗುತ್ತದೆ. ಕೇಸಿನ ಬಾಯಿಯಲ್ಲಿ ಅಳಿಸಿದ್ದರೆ, ಗುಂಡು ಕೂರಿಸಲು ಅಗಲಿಸಿದ ಬಾಯಿಯನ್ನು ಮತ್ತೆ ನೆಟ್ಟಗೆ ಮಾಡಿಲ್ಲ ಎಂದರ್ಥ. ಹಾಗೆಂದು ಬಾಯಿಯನ್ನು ಒಳಕ್ಕೆ ಮಡಚಿಬಿಡುವುದೂ ತಪ್ಪು. ಈ ಎರಡೂ ಬಗೆಯ ಕಾಡತೂಸುಗಳು ಚೇಂಬರಿನಲ್ಲಿ ನಿಲ್ಲುವುದು ಕೇಸಿನ ಬಾಯಿಯ ಆಧಾರದಿಂದಲೇ. ಬುಡದಲ್ಲಿ ಅಳಿಸಿದ್ದರೆ, ಹಿಂದೆ ಹಾರಿಸಿದಾಗ ಉಬ್ಬಿದ ಕೇಸನ್ನು, ಅದನ್ನು ಮತ್ತೆ ಅಳತೆಗೆ ತರುವ ಅಚ್ಚಾದ ಡೈ ಪೂರ್ತಿ ಕುಗ್ಗಿಸಿಲ್ಲ.

ಕಾಡತೂಸು ಸಲೀಸಾಗಿ ಕೂತರೂ ಖಾಲಿ ಕೇಸ್ ಹೊರಬೀಳುವಾಗ ಸ್ಲೈಡಿಗೆ ಸಿಕ್ಕಿ ನೆಟ್ಟಗೆ ನಿಂತರೆ, ಮದ್ದಿನ ಬಲ ಸ್ಪ್ರಿಂಗನ್ನು ಹಿಂದೂಡಲು ಸಾಲದಿರಬಹುದು. ಆಗ ಕಣ್ಣಂದಾಜಿನಲ್ಲಿ ಮದ್ದು ಏರಿಸಬಾರದು. ಮದ್ದಿನ ತಯಾರಕರ ಪುಸ್ತಕದಲ್ಲಿ ಆ ಗುಂಡಿಗೆ ಕೊಟ್ಟ ಕನಿಷ್ಠ, ಗರಿಷ್ಠ ಮಿತಿಗಳೊಳಗೇ ಇರಬೇಕು.

ಎರಡು ಅಪಾಯಗಳನ್ನು ಎಂದೂ ಮರೆಯಬಾರದು. ಇಳಿಜಾರಿಗೆ ಬಡಿದು ಗುಂಡು ಕೇಸಿನೊಳಗೆ ಕುಸಿದರೆ ಒಳಗಿನ ಜಾಗ ಕಿರಿದಾಗಿ ಒತ್ತಡ ವಿಪರೀತ ಏರುತ್ತದೆ. ಅಂಥದ್ದನ್ನು ಮತ್ತೆ ಹಾಕಲೇಬಾರದು. ಇನ್ನೊಂದು, ಗುಂಡು ಹಾರಿದ ಸದ್ದು ಕ್ಷೀಣವಾಗಿ ಕೇಳಿದರೆ ಅಲ್ಲಿಗೇ ನಿಲ್ಲಿಸಿ. ಗುಂಡು ಬ್ಯಾರೆಲಿನಲ್ಲೇ ಉಳಿದಿದ್ದು ಮುಂದಿನದು ಹಿಂದಿನಿಂದ ಬಡಿದರೆ ಪಿಸ್ತೂಲು ಸಿಡಿಯಬಹುದು.

ನಮ್ಮ ದೇಶದಲ್ಲಿ 1959ರ ಆಯುಧ ಕಾಯ್ದೆಯಂತೆ ಪರವಾನಗಿಯಿಲ್ಲದೆ ಕಾಡತೂಸು ತಯಾರಿಸುವುದು ಅಪರಾಧ. ಅಮೆರಿಕದಲ್ಲಿ ನೆಲೆಸಿ ಈ ಹವ್ಯಾಸಕ್ಕೆ ಕೈಹಾಕುವ ಕನ್ನಡಿಗರು ಅಲ್ಲಿನ ಕಾನೂನು ತಿಳಿದು, ಅನುಭವಿಗಳ ಪಕ್ಕ ಕೂತು ಕಲಿಯಲಿ. ಅರದಿಂದ ಉಜ್ಜಿದ ಲೋಹ ಮತ್ತೆ ಬರುವುದಿಲ್ಲ. ಡೈಯನ್ನು ಕಾಲು ಸುತ್ತು ತಿರುಗಿಸಿ ಸರಿಪಡಿಸಬಹುದಾದ ದೋಷಕ್ಕೆ ಪಿಸ್ತೂಲನ್ನು ಕೆಡಿಸಬೇಡಿ.